ಮೊದಲು ಮೈ ಪಳಗಲಿ, ಆಮೇಲೆ ಫೋನು

ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದಷ್ಟು ಕಾಲವೂ ಊರಿನವರು ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: 'ಮೇಡಂ, ನಮ್ಮ ಹುಡುಗ ಉದ್ದ ಆಗ್ಬೇಕಂದ್ರೆ ಏನ್ ಮಾಡ್ಬೇಕು?' ನಿವೃತ್ತಿಯಾದ ಮೇಲೆ ಪ್ರಶ್ನೆ ಬದಲಾಗಿದೆ. ದಾವಣಗೆರೆಯ ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಗ್ಗೆ ಎದುರಾಗುವವರು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು, ಬ್ಯಾಂಕಿನ ಕೌಂಟರಿನಾಚೆ ಇರುವ ಹಳೆಯ ವಿದ್ಯಾರ್ಥಿನಿ, ಎಲ್ಲರೂ ಫೋನನ್ನು ನನ್ನ ಮುಂದೆ ಹಿಡಿದು ಕೇಳುತ್ತಾರೆ: 'ಇದಕ್ಕೆ ಸೇರ್ಲಾ ಮೇಡಂ?' ಫೋನಿನಲ್ಲಿ ಕಟ್ಟುಮಸ್ತಾದ ಒಬ್ಬ ಯುವಕ, ಇಲ್ಲವೇ ಯುವತಿ. ಹನ್ನೆರಡು ವಾರದಲ್ಲಿ ಹನ್ನೆರಡು ಕಿಲೋ ಇಳಿಸುವ ಭರವಸೆ. ಮೊದಲಿನ ಫೋಟೊ, ಆಮೇಲಿನ ಫೋಟೊ. ಮೂರು ತಿಂಗಳ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ, ಅದೂ ಇವತ್ತು ರಾತ್ರಿಯವರೆಗೆ ಮಾತ್ರ.

ಉದ್ದ ಆಗುವ ಪ್ರಶ್ನೆಗೆ ನನ್ನ ಹತ್ತಿರ ಮದ್ದಿರಲಿಲ್ಲ. 'ನಿಮ್ಮ ಯಜಮಾನರು ಎಷ್ಟು ಉದ್ದ ಇದ್ದಾರೆ?' ಎಂದು ಕೇಳಿ ಸುಮ್ಮನಾಗುತ್ತಿದ್ದೆ. ಈ ಹೊಸ ಪ್ರಶ್ನೆಗೆ ಮಾತ್ರ ಖಚಿತವಾದ ಅಭಿಪ್ರಾಯವಿದೆ, ಮೊದಲೇ ಹೇಳಿಬಿಡುತ್ತೇನೆ. ಆನ್‌ಲೈನ್ ಕೋಚಿಂಗ್ ಎಂದರೆ ಮೋಸ ಎಂದು ನಾನು ಹೇಳುವುದಿಲ್ಲ. ಒಮ್ಮೆ ಮೈ ಪಳಗಿದವರಿಗೆ ಅದು ಒಳ್ಳೆಯ ಅನುಕೂಲ. ಆದರೆ ಜಾಹೀರಾತು ಹುಡುಕಿಕೊಂಡು ಬರುವುದು ಹುಟ್ಟಿದಾಗಿನಿಂದ ಸರಿಯಾಗಿ ಹತ್ತು ಬಸ್ಕಿ ಹೊಡೆಯದವರನ್ನು. ಯಾರಿಗೆ ಅತಿ ಹೆಚ್ಚು ಮಾರುತ್ತಿದ್ದಾರೋ ಅವರಿಗೇ ಅದು ಅತಿ ಕಡಿಮೆ ಒಗ್ಗುತ್ತದೆ.

ದೂರದಿಂದ ವ್ಯಾಯಾಮ ಕಲಿಸುವುದು ಹೊಸ ವಿದ್ಯೆಯೇನೂ ಅಲ್ಲ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಕನ್ನಡಿಗರಿಗೆ ಪರಿಚಿತರಾದ ಕೆ.ವಿ. ಅಯ್ಯರ್ ಮೂಲತಃ ಅಂಗಸಾಧಕರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಅವರು ದೂರದ ಊರಿನವರಿಗೆ ಅಂಚೆಯ ಮೂಲಕವೂ ಪಾಠ ಕಳಿಸುತ್ತಿದ್ದರು. ಅವರಿಗೂ ಮೊದಲು ಯೂಜೆನ್ ಸ್ಯಾಂಡೋ ಲಂಡನ್ನಿನಲ್ಲಿ ಇದನ್ನೇ ಮಾಡಿದ್ದ. ಹಾಗಾಗಿ 'ಇದೆಲ್ಲ ಈಗಿನ ಕಾಲದ ಹುಚ್ಚು' ಎಂದು ಮೂಗು ಮುರಿಯುವ ನನ್ನ ವಯಸ್ಸಿನವರ ಜೊತೆ ನಾನಿಲ್ಲ. ವ್ಯತ್ಯಾಸ ಇಷ್ಟೇ: ಅಂಚೆಯ ಪಾಠ ತರಿಸಿಕೊಳ್ಳುತ್ತಿದ್ದವನು ತಾನೇ ವಿಳಾಸ ಹುಡುಕಿ ಕಾಗದ ಬರೆದವನು, ಅರ್ಧ ಪಳಗಿದವನು. ಇವತ್ತು ಸೋಫಾದ ಮೇಲೆ ಒರಗಿ ಧಾರಾವಾಹಿ ನೋಡುವವಳ ಮಡಿಲಿಗೇ ಪಾಠ ಬಂದು ಬೀಳುತ್ತದೆ. 2020ರ ಲಾಕ್‌ಡೌನ್ ಇದಕ್ಕೆ ದೊಡ್ಡ ದಾರಿ ಮಾಡಿಕೊಟ್ಟಿತು. ಮಾರ್ಚ್‌ನಲ್ಲಿ ಮುಚ್ಚಿದ ಜಿಮ್‌ಗಳಿಗೆ ಮತ್ತೆ ತೆರೆಯಲು ಅನುಮತಿ ಸಿಕ್ಕಿದ್ದು ಆಗಸ್ಟ್ 5ರಿಂದ. ಆ ನಡುವೆ ಹೊಟ್ಟೆಪಾಡಿಗಾಗಿ ಫೋನು ಹಿಡಿದ ತರಬೇತುದಾರರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದಾರೆ. ಹಲವರು ಆಮೇಲೆ ಜಿಮ್ಮಿಗೆ ವಾಪಸು ಹೋಗಲೇ ಇಲ್ಲ.

ಅಂಥವನೊಬ್ಬ ಶಾಲೆಯಲ್ಲಿ ಖೋ ಖೋ ಆಡುತ್ತಿದ್ದವನು. ಅವನ ಹತ್ತಿರ ಹೇಗೆ ನಡೆಸುತ್ತೀಯಪ್ಪ ಎಂದು ಬಿಡಿಸಿ ಕೇಳಿದೆ. ಮುಚ್ಚುಮರೆಯಿಲ್ಲದೆ ಹೇಳಿದ. ಮೊದಲೇ ಚಿತ್ರೀಕರಿಸಿದ ವಿಡಿಯೊಗಳನ್ನು ಕಳಿಸುವುದು ಒಂದು ಬಗೆ. ಬೆಳಗ್ಗೆ ಆರಕ್ಕೆ ಐವತ್ತು ಜನರನ್ನು ಒಂದೇ ಪರದೆಯಲ್ಲಿ ಕೂಡಿಸಿ ಕುಣಿಸುವುದು ಇನ್ನೊಂದು. ಒಬ್ಬೊಬ್ಬರಿಗೂ ಬೇರೆ ಪಟ್ಟಿ ಮಾಡಿಕೊಟ್ಟು, ಅವರು ಕಳಿಸುವ ವಿಡಿಯೊ ನೋಡಿ ತಿದ್ದುವುದು ಮೂರನೆಯದು. ಈ ಮೂರನೆಯದಕ್ಕೆ ತಿಂಗಳಿಗೆ ಐದಾರು ಸಾವಿರ ರೂಪಾಯಿ ತೆಗೆದುಕೊಳ್ಳುತ್ತಾನೆ. 'ಎಷ್ಟು ಜನ ಇದ್ದಾರೆ?' ಎಂದೆ. 'ನೂರರ ಮೇಲಿದ್ದಾರೆ ಮೇಡಂ' ಎಂದ ಹೆಮ್ಮೆಯಿಂದ.

ನಾನು ಪೆನ್ನು ತೆಗೆದೆ. ವಾರಕ್ಕೆ ಐದು ದಿನ, ದಿನಕ್ಕೆ ಎಂಟು ಗಂಟೆ ಬಿಡದೆ ದುಡಿದರೂ 2,400 ನಿಮಿಷ. ನೂರು ಜನರಿಗೆ ಹಂಚಿದರೆ ತಲೆಗೆ ವಾರಕ್ಕೆ 24 ನಿಮಿಷ. ಅದರಲ್ಲೇ ಅವನು ಇನ್‌ಸ್ಟಾಗ್ರಾಂಗೆ ರೀಲು ಮಾಡಬೇಕು, ಹೊಸಬರಿಗೆ ಫೋನು ಮಾಡಬೇಕು, ತಾನೂ ವ್ಯಾಯಾಮ ಮಾಡಬೇಕು. ಲೆಕ್ಕ ನೋಡಿ ನಕ್ಕ. 'ಮೇಡಂ, ಹಳಬರಿಗೆ ಅಷ್ಟೂ ಬೇಕಾಗಲ್ಲ. ಹೊಸಬರಿಗೆ ಅದು ಸಾಲಲ್ಲ' ಎಂದ. ನಾನು ಹೇಳಬೇಕೆಂದಿದ್ದ ಮಾತು ಅವನ ಬಾಯಿಂದಲೇ ಬಂತು. ಸೇರುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ನಿಮ್ಮ ಕೈಯಲ್ಲಿ ಎಷ್ಟು ಜನ ಇದ್ದಾರೆ, ನನ್ನ ವಿಡಿಯೊ ನೋಡುವವರು ನೀವೋ ನಿಮ್ಮ ಸಹಾಯಕರೋ? ಈ ಪ್ರಶ್ನೆಗೆ ಮುನಿಸಿಕೊಳ್ಳುವವರ ಹತ್ತಿರ ಸೇರಬೇಡಿ.

ಹೊಸಬರಿಗೆ ಯಾಕೆ ಸಾಲುವುದಿಲ್ಲ? ಒಂದು ಬಸ್ಕಿಯನ್ನೇ ತೆಗೆದುಕೊಳ್ಳಿ. ಕಾಲು ಎಷ್ಟು ಅಗಲಿಸಬೇಕು, ಹಿಮ್ಮಡಿ ನೆಲ ಬಿಡುತ್ತಿದೆಯೇ, ಕೂರುವಾಗ ಮಂಡಿಗಳು ಒಳಕ್ಕೆ ವಾಲುತ್ತಿವೆಯೇ, ಸೊಂಟ ಮೊದಲು ಹಿಂದಕ್ಕೆ ಹೋಗುತ್ತಿದೆಯೇ ಅಥವಾ ಮಂಡಿ ಮೊದಲು ಮುಂದಕ್ಕೆ ಬರುತ್ತಿದೆಯೇ. ಇವನ್ನೆಲ್ಲ ನೋಡಲು ಎದುರಿಗೆ ನಿಂತರೆ ಸಾಲದು, ಪಕ್ಕಕ್ಕೂ ಹಿಂದಕ್ಕೂ ಸುತ್ತಬೇಕು. ಪುಸ್ತಕದ ರಾಶಿಗೆ ಒರಗಿಸಿಟ್ಟ ಫೋನು ಒಂದು ದಿಕ್ಕಿನಿಂದ ಮಾತ್ರ ನೋಡುತ್ತದೆ, ಅದೂ ನೈಟಿಯ ಮೇಲಿಂದ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕಲಿಯದ ಮೈಗೆ ತಾನು ಹೇಗಿದ್ದೇನೆಂಬುದೇ ತಿಳಿಯುವುದಿಲ್ಲ. 'ಬೆನ್ನು ನೆಟ್ಟಗಿಡು' ಎಂದರೆ ಮಗು 'ನೆಟ್ಟಗೇ ಇದೆ ಮಿಸ್' ಎನ್ನುತ್ತದೆ. ಸುಳ್ಳು ಹೇಳುತ್ತಿಲ್ಲ, ಅದಕ್ಕೆ ಹಾಗೇ ಅನಿಸುತ್ತಿರುತ್ತದೆ. ನೋಡಿದರೆ ಬೆನ್ನು ಬಿಲ್ಲಿನ ಹಾಗೆ ಬಾಗಿರುತ್ತದೆ. ಎರಡು ರೆಕ್ಕೆಮೂಳೆಗಳ ನಡುವೆ ಅಂಗೈ ಇಟ್ಟು 'ನನ್ನ ಕೈಯನ್ನು ಹಿಂದಕ್ಕೆ ತಳ್ಳು' ಎಂದರೆ ಅರ್ಧ ನಿಮಿಷದಲ್ಲಿ ಬೆನ್ನಿಗೆ ಅರ್ಥವಾಗುತ್ತದೆ. ಈ ಮಾತನ್ನು ಫೋನಿನಲ್ಲಿ ಎಷ್ಟು ಚೆನ್ನಾಗಿ ಬರೆದು ಕಳಿಸಿದರೂ ಬೆನ್ನಿಗೆ ಓದಲು ಬರುವುದಿಲ್ಲ.

ಗರಡಿಮನೆಯ ಉಸ್ತಾದರು ಇದನ್ನು ಬಲ್ಲರು. ದುರ್ಗಾಂಬಿಕಾ ಜಾತ್ರೆಯ ಕುಸ್ತಿ ನೋಡಿ ಬೆಳೆದ ಊರು ನಮ್ಮದು. ಮಟ್ಟಿಗೆ ಇಳಿಯುವ ಹುಡುಗನಿಗೆ ಉಸ್ತಾದರು ಪಟ್ಟು ಹೇಳಿಕೊಡುವ ಮೊದಲು ದಂಡ, ಬಸ್ಕಿ, ಸಾಮು ಎಂದು ತಿಂಗಳುಗಟ್ಟಲೆ ಸವೆಸುತ್ತಾರೆ. ತಪ್ಪಿದಲ್ಲಿ ಕಾಲಿನಿಂದ ಅವನ ಹಿಮ್ಮಡಿಯನ್ನು ತಳ್ಳಿ ಸರಿಪಡಿಸುತ್ತಾರೆ, ಬಾಯಿ ಮಾತು ಕಡಿಮೆ. ಆ ಪದ್ಧತಿಯಲ್ಲಿ ಬೈಗುಳ ಜಾಸ್ತಿ, ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಅದನ್ನು ಹೊಗಳಿ ಹಾಡಲು ನಾನು ಸಿದ್ಧಳಿಲ್ಲ. ಆದರೆ ಮೊದಲು ಮೈ, ಆಮೇಲೆ ಲೆಕ್ಕ ಎಂಬ ಕ್ರಮ ಸರಿಯಾಗಿತ್ತು. ಈಗಿನ ಆ್ಯಪ್‌ಗಳು ಮೊದಲ ದಿನವೇ ಹನ್ನೆರಡರ ಮೂರು ಸುತ್ತು ಎಂದು ಲೆಕ್ಕ ಕೊಡುತ್ತವೆ.

ಇನ್ನು ಪಳಗಿದವರ ಮಾತು. ನನ್ನ ತಂಗಿಯ ಮಗಳು ಕಾಲೇಜಿನಲ್ಲಿ ಕಬಡ್ಡಿ ಆಡಿದವಳು, ಈಗ ಡಬ್ಲಿನ್‌ನಲ್ಲಿದ್ದಾಳೆ. ಮೈಸೂರಿನ ಒಬ್ಬ ತರಬೇತುದಾರಳ ಹತ್ತಿರ ಫೋನಿನಲ್ಲೇ ಕಲಿಯುತ್ತಾಳೆ. ಅಲ್ಲಿ ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಕತ್ತಲು, ಮನೆಯ ಹತ್ತಿರದ ಜಿಮ್ಮಿನಲ್ಲಿ ಚಪಾತಿ ಪಲ್ಯ ತಿನ್ನುವವಳ ಊಟದ ಲೆಕ್ಕ ಯಾರಿಗೂ ತಿಳಿಯದು. ಮೈಸೂರಿನವಳಿಗೆ ಶ್ರಾವಣದ ಒಪ್ಪತ್ತೂ ಗೊತ್ತು, ಅತ್ತೆ ಕಳಿಸಿದ ಚಕ್ಕುಲಿ ಡಬ್ಬದ ಗುಟ್ಟೂ ಗೊತ್ತು. ಹುಡುಗಿ ವಾರಕ್ಕೊಮ್ಮೆ ಪಕ್ಕದಿಂದ, ಓರೆಯಿಂದ ಎರಡು ವಿಡಿಯೊ ಕಳಿಸುತ್ತಾಳೆ, ತಿದ್ದುಪಡಿ ಬರುತ್ತದೆ, ತೂಕ ಏರಿಸುತ್ತಾಳೆ. ಅದು ಕೆಲಸ ಮಾಡುತ್ತಿದೆ. ಯಾಕೆಂದರೆ 'ಎಡ ಭುಜ ಏಳುತ್ತಿದೆ' ಎಂದು ಬರೆದು ಬಂದರೆ ಅವಳ ಭುಜಕ್ಕೆ ಅದರ ಅರ್ಥ ಗೊತ್ತು. ಹಾಸ್ಟೆಲ್ ಮೈದಾನದಲ್ಲಿ ಯಾರೋ ಮೇಡಂ ಬೈದು ಕಲಿಸಿದ್ದಾರೆ.

ಇಲ್ಲಿಗೆ ನಿಲ್ಲಿಸಿದರೆ ನನ್ನ ವಾದ ಅಚ್ಚುಕಟ್ಟಾಗಿರುತ್ತಿತ್ತು. ಆದರೆ ನಮ್ಮ ಊರಿನ ಹೆಂಗಸರನ್ನು ನೆನೆದಾಗ ಅದು ಸಡಿಲವಾಗುತ್ತದೆ.

ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲವೆಂದು 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಈ ಹದಿನೈದರ ಅಂತರ ಎಲ್ಲಿ ಹುಟ್ಟುತ್ತದೆಂದು ನನ್ನನ್ನು ಕೇಳಿದರೆ ಎಂಟನೇ ತರಗತಿಯತ್ತ ಬೆರಳು ತೋರಿಸುತ್ತೇನೆ. ಏಳನೇ ತರಗತಿಯವರೆಗೆ ಹುಡುಗರನ್ನು ಹಿಂದೆ ಹಾಕಿ ಓಡುತ್ತಿದ್ದ ಹುಡುಗಿ ಎಂಟರಲ್ಲಿ ದುಪಟ್ಟಾ ಹೊದ್ದು ಬಂದು 'ಹೊಟ್ಟೆನೋವು ಮಿಸ್' ಎಂದು ಮರದ ಕೆಳಗೆ ಕೂರುತ್ತಾಳೆ. ಅವಳ ತಾಯಿಗೆ ಚೀಟಿ ಕಳಿಸಿದರೆ 'ಬಿಸಿಲಿಗೆ ಕಪ್ಪಾಗ್ತಾಳೆ, ಬಿಟ್ಬಿಡಿ ಮೇಡಂ' ಎಂಬ ಉತ್ತರ. ಹತ್ತನೇ ತರಗತಿಗೆ ಬಂದರೆ ಮೈದಾನದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ತೆಗೆದುಕೊಂಡಾಯಿತು. ಆ ಹುಡುಗಿ ಮತ್ತೆ ವ್ಯಾಯಾಮದ ಮಾತೆತ್ತುವುದು ನಲವತ್ತರಲ್ಲಿ, ಡಾಕ್ಟರು ಸಕ್ಕರೆಯ ರಿಪೋರ್ಟ್ ಮುಂದಿಟ್ಟಾಗ.

ಆಗ ಅವಳಿಗೆ ಏನು ದಾರಿಯಿದೆ? ಮೊಹಲ್ಲಾದ ಜಿಮ್ಮಿಗೆ ಹೋದರೆ ಕಿವಿ ಒಡೆಯುವ ಹಾಡು, ಕನ್ನಡಿಯ ಮುಂದೆ ನಿಂತ ಹುಡುಗರು, ಅವಳ ಮಗನ ಸಹಪಾಠಿಯೇ ಇನ್‌ಸ್ಟ್ರಕ್ಟರ್. ಹೆಂಗಸರಿಗೆಂದು ಬೇರೆ ಹೊತ್ತು ಇದ್ದರೆ ಅದು ಬೆಳಗ್ಗೆ ಹನ್ನೊಂದಕ್ಕೆ, ಅವಳು ಆಫೀಸಿನಲ್ಲಿರುವಾಗ. ಬೆಳಗ್ಗೆ ಐದೂವರೆಗೆ ಒಬ್ಬಳೇ ವಾಕಿಂಗಿಗೆ ಹೊರಟರೆ ಕೊರಳ ಸರದ ಭಯ, ಬೀದಿನಾಯಿಯ ಭಯ. ಅವಳಿಗೆ ಸಿಗುವುದು ಕುಕ್ಕರಿನ ವಿಷಲ್‌ಗಳ ನಡುವಿನ ಅರ್ಧ ಗಂಟೆ, ಬಾಗಿಲು ಹಾಕಿಕೊಂಡ ಮಲಗುವ ಕೋಣೆ. 'ಮೊದಲು ಎದುರಾಎದುರು ಕಲಿ, ಆಮೇಲೆ ಫೋನು' ಎಂದು ಅವಳಿಗೆ ಉಪದೇಶ ಮಾಡುವುದು ಸುಲಭ. ಎದುರಿಗೆ ಕಲಿಸುವವರು ಎಲ್ಲಿದ್ದಾರೆ ಎಂದು ಅವಳು ಕೇಳಿದರೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ಹಾಗಾಗಿ ಅವಳು ಫೋನಿನಲ್ಲೇ ಶುರು ಮಾಡುತ್ತೇನೆಂದರೆ ನಾನು ತಡೆಯುವುದಿಲ್ಲ. ಭಾರ ಬೇಡ, ನೆಗೆತ ಬೇಡ, ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ, ಇಂಥವು ಇರುವ ಕಡೆ ಸೇರು ಎನ್ನುತ್ತೇನೆ. ಇವನ್ನು ಸ್ವಲ್ಪ ತಪ್ಪಾಗಿ ಮಾಡಿದರೂ ದೊಡ್ಡ ಹಾನಿಯಿಲ್ಲ. ಐವತ್ತು ಜನರ ಗುಂಪಿನಲ್ಲಿ ನೆಗೆಸಿ ಕುಣಿಸುವ ತರಗತಿಗೆ ನಲವತ್ತೈದರ, ಎಂಬತ್ತು ಕಿಲೋದ ಮಂಡಿಗಳನ್ನು ಒಯ್ಯುವುದು ಬೇಡ. ಮಗು ಹುಟ್ಟಿ ಕೆಲವೇ ವಾರ ಕಳೆದವರಂತೂ ಹೊಟ್ಟೆ ಕರಗಿಸುವ ಯಾವ ಜಾಹೀರಾತನ್ನೂ ಹೆರಿಗೆ ಡಾಕ್ಟರನ್ನು ಕೇಳದೆ ಒತ್ತಬಾರದು. ಹೊಟ್ಟೆಯ ಸ್ನಾಯುಗಳ ನಡುವೆ ಬಿಟ್ಟ ಸಂದು ಕೂಡಿಕೊಳ್ಳುವ ಮೊದಲು ಮಲಗಿ ಏಳುವ ಕಸರತ್ತು ಮಾಡಿದರೆ ಅದು ಕೆಡುವುದೇ ಹೆಚ್ಚು.

ಕಾಯಿಲೆಯ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅಂದರೆ ಕೋಚ್‌ನ ನೂರು ಗಿರಾಕಿಗಳಲ್ಲಿ ಗುಳಿಗೆ ನುಂಗುವವರು ಇದ್ದೇ ಇರುತ್ತಾರೆ. ಗ್ಲಿಮೆಪಿರೈಡ್ ಗುಳಿಗೆಯಾಗಲಿ ಇನ್ಸುಲಿನ್ ಆಗಲಿ ತೆಗೆದುಕೊಳ್ಳುವವರು ಕೋಚ್ ಹೇಳಿದನೆಂದು ಅನ್ನ ಅರ್ಧ ಮಾಡಿ, ಬೆಳಗ್ಗೆ ಬರಿಹೊಟ್ಟೆಯಲ್ಲಿ ಕುಣಿದರೆ ಸಕ್ಕರೆ ಕುಸಿದು ಕಣ್ಣು ಕತ್ತಲೆ ಬರುತ್ತದೆ. ಗುಳಿಗೆಯ ಪ್ರಮಾಣ ಬದಲಿಸಬೇಕಾದವರು ಡಾಕ್ಟರು, ಕೋಚ್‌ಗೆ ಆ ಅಧಿಕಾರವಿಲ್ಲ. ಬಿ.ಪಿ.ಗೆ ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಮಾತ್ರೆ ನುಂಗುವವರ ಎದೆಬಡಿತ ಎಷ್ಟು ದಣಿದರೂ ಅಷ್ಟಾಗಿ ಏರುವುದಿಲ್ಲ. '220ರಲ್ಲಿ ವಯಸ್ಸು ಕಳೆಯಿರಿ, ಅದರ ಶೇ 70ಕ್ಕೆ ಹೋಗಿ' ಎಂಬ ಕೈಗಡಿಯಾರದ ಲೆಕ್ಕ ಅವರಿಗೆ ನಡೆಯದು. ಆ ಅಂಕಿ ಮುಟ್ಟಲೇಬೇಕೆಂದು ಓಡಿದರೆ ಅಪಾಯ. ದಣಿವನ್ನು ಅಳೆಯಲು ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದ ಉಪಾಯವೇ ಅವರಿಗೂ ಸಾಕು: ಮಾತಾಡಲು ಬರಬೇಕು, ಹಾಡಲು ಬರಬಾರದು.

ವ್ಯಾಯಾಮ ಶುರು ಮಾಡುವ ಮೊದಲು ಕೇಳಬೇಕಾದ ಏಳು ಪ್ರಶ್ನೆಗಳ ಒಂದು ಪಟ್ಟಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಎದೆನೋವು, ತಲೆಸುತ್ತು, ಕೀಲುನೋವು, ಈಗ ತೆಗೆದುಕೊಳ್ಳುವ ಮಾತ್ರೆ, ಇಂಥವನ್ನು ಅದರಲ್ಲಿ ಕೇಳುತ್ತಾರೆ. ಐದು ನಿಮಿಷದ ಕೆಲಸ. ಅದನ್ನು ಕೇಳದೆ ಹಣ ಕಟ್ಟುವ ಕೋಡ್ ಕಳಿಸುವವನ ಮೇಲೆ ಭರವಸೆ ಇಡಲಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಡುವಯಸ್ಸಿನವರೆಲ್ಲ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲು ನಿಂತರು. ಆ ಸಾವಿಗೆ ವ್ಯಾಯಾಮವನ್ನೇ ದೂರುವುದು ಸರಿಯಲ್ಲ, ಹಾಗೆ ದೂರಿ ಜಿಮ್ಮು ಬಿಟ್ಟವರನ್ನು ನಾನು ಕಂಡಿದ್ದೇನೆ, ಅವರಿಗೆ ಅದರಿಂದ ಒಳ್ಳೆಯದೇನೂ ಆಗಲಿಲ್ಲ. ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಎದೆ ಹಿಡಿದುಕೊಂಡರೆ ಪರದೆಯಲ್ಲಿರುವವನು ಏನು ಮಾಡಿಯಾನು? ಐವತ್ತು ದಾಟಿದವರು ಮನೆಯಲ್ಲಿ ಯಾರಾದರೂ ಇರುವ ಹೊತ್ತಿನಲ್ಲೇ, ಚಿಲಕ ಹಾಕದೆ ಮಾಡಲಿ.

ಊಟದ ಪಟ್ಟಿಯ ಬಗ್ಗೆ ಎರಡು ಮಾತು. ಬ್ಯಾಂಕಿನ ಹುಡುಗಿಗೆ ಬಂದ ಪಟ್ಟಿಯಲ್ಲಿ ಬ್ರೊಕೊಲಿ, ಕಿನೋವಾ, ಬೆಣ್ಣೆಹಣ್ಣು ಇದ್ದವು. ಬೆಣ್ಣೆದೋಸೆಯ ಊರಿಗೆ ಬೆಣ್ಣೆಹಣ್ಣು! ಜೊತೆಗೆ ಒಂದು ಪ್ರೋಟೀನ್ ಡಬ್ಬ, ಕೋಚ್ ಕಳಿಸುವ ಲಿಂಕಿನಿಂದಲೇ ಕೊಳ್ಳಬೇಕು. ಐಸಿಎಂಆರ್‌ನ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೋಟೀನ್ ಪುಡಿಯ ಮೊರೆ ಹೋಗಬೇಡಿ ಎಂದೇ ಹೇಳಿದೆ. ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಎಂಬುದು ಆ ಸಂಸ್ಥೆಯ ಲೆಕ್ಕ, ಅಂದರೆ ಅರವತ್ತು ಕಿಲೋದವಳಿಗೆ ಸುಮಾರು 50 ಗ್ರಾಂ. ಭಾರ ಎತ್ತುವವರಿಗೆ ಇನ್ನೂ ಸ್ವಲ್ಪ ಹೆಚ್ಚು. ಒಂದು ಹಿಡಿ ತೊಗರಿಬೇಳೆ, ಎರಡು ಮೊಟ್ಟೆ, ಎರಡು ಲೋಟ ಹಾಲು, ಒಂದು ಹಿಡಿ ಶೇಂಗಾ, ರೊಟ್ಟಿ, ಅನ್ನ, ಇಷ್ಟರಲ್ಲಿ ಲೆಕ್ಕ ಮುಟ್ಟುತ್ತದೆ. ಮೊಟ್ಟೆ ತಿನ್ನದವರು ಹುರುಳಿ, ಸೋಯಾ ಹೆಚ್ಚಿಸಲಿ. ಪಟ್ಟಿ ಕೊಡುವವರಿಗೆ ನಿಮ್ಮ ಅಡುಗೆಮನೆ ಗೊತ್ತಿಲ್ಲದಿದ್ದರೆ ಆ ಪಟ್ಟಿ ಹದಿನೈದು ದಿನವೂ ಬಾಳುವುದಿಲ್ಲ.

ಇನ್ನು ಅರ್ಹತೆ. ಶಾಲೆಯಲ್ಲಿ ಮಕ್ಕಳನ್ನು ಓಡಿಸಲು ನನಗೆ ಬಿ.ಪಿ.ಇಡಿ. ಪದವಿ ಬೇಕಾಗಿತ್ತು. ಫೋನಿನಲ್ಲಿ ಊರನ್ನೇ ಓಡಿಸಲು ಏನೂ ಬೇಕಿಲ್ಲ, ಡಾಕ್ಟರಿಗೆ ಇರುವಂಥ ನೋಂದಣಿ ಫಿಟ್‌ನೆಸ್ ಕೋಚ್‌ಗೆ ಇಲ್ಲ. ಆರೋಗ್ಯದ ಸಲಹೆ ಕೊಡುವ ಪ್ರಭಾವಿಗಳು ತಮ್ಮ ಅರ್ಹತೆಯನ್ನು ಬಹಿರಂಗಪಡಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹಾಗಾಗಿ ಸರ್ಟಿಫಿಕೇಟ್ ಕೇಳಲು ಸಂಕೋಚ ಬೇಡ. ಹಣವನ್ನು ತಿಂಗಳು ತಿಂಗಳಿಗೇ ಕಟ್ಟಿ. ಮುಂಗಡ ಹಣ ನುಂಗಿ ಫೋನೆತ್ತದವರ ಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಸೇರಬೇಕೋ ಬೇಡವೋ ಎಂದು ಇನ್ನೂ ತೂಗುತ್ತಿರುವವರಿಗೆ ನಾನು ಕೊಡುವ ಪರೀಕ್ಷೆ ಒಂದೇ. ಯಾರಿಗೂ ಒಂದು ರೂಪಾಯಿ ಕೊಡದೆ, ವಾರಕ್ಕೆ 150 ನಿಮಿಷದ ಚುರುಕು ನಡಿಗೆಯನ್ನು ಒಂದು ತಿಂಗಳು ಮಾಡಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ ಪ್ರಮಾಣವದು, ಅದರ ಜೊತೆ ವಾರಕ್ಕೆರಡು ದಿನ ಸ್ನಾಯು ಬಲಪಡಿಸುವ ಕಸರತ್ತೂ ಬೇಕೆನ್ನುತ್ತದೆ. ನಡಿಗೆ ನಿಂತು ಹೋದರೆ ನಿಮಗೆ ಬೇಕಾಗಿರುವುದು ದಿನಾ ಬಾಗಿಲು ಬಡಿದು ಕರೆಯುವ ಜೊತೆಗಾತಿ, ಅದು ಎದುರುಮನೆಯಲ್ಲೇ ಇರಬಹುದು. ನಡಿಗೆ ನಡೆದು, ಬಲದ ಕಸರತ್ತು ಗೊತ್ತಾಗದೆ ನಿಂತರೆ ಆಗ ಕಲಿಸುವವರು ಬೇಕು, ಮೊದಲ ಒಂದೆರಡು ತಿಂಗಳು ಸಾಧ್ಯವಾದರೆ ಎದುರಿಗೇ. ಆಮೇಲೆ ಡಬ್ಲಿನ್ನೋ ದೊಡ್ಡಬಾತಿಯೋ, ಎಲ್ಲಿಂದ ಬೇಕಾದರೂ ಫೋನು ಹಿಡಿಯಿರಿ.

ನನ್ನ ಖೋ ಖೋ ಹುಡುಗ ಮೊನ್ನೆ ಮತ್ತೆ ಫೋನು ಮಾಡಿದ್ದ. ದಾವಣಗೆರೆ, ಹರಿಹರ ಕಡೆಯ ಹೊಸ ಗಿರಾಕಿಗಳಿಗೆ ಮೊದಲ ತಿಂಗಳು ನಾನು ಎದುರಿಗೆ ನಿಂತು ಮೈ ತಿದ್ದಿಕೊಡಬೇಕಂತೆ, ಆಮೇಲೆ ಅವನು ನೋಡಿಕೊಳ್ಳುತ್ತಾನಂತೆ. ಆಗಲಿ ಎಂದೆ. ಎರಡು ಷರತ್ತು ಹಾಕಿದ್ದೇನೆ. ಸಕ್ಕರೆ, ಬಿ.ಪಿ., ಮಂಡಿನೋವು ಇರುವವರು ಡಾಕ್ಟರ ಚೀಟಿ ತರಬೇಕು. ಮೊದಲು-ಆಮೇಲೆ ಎಂಬ ಫೋಟೊ ಜಾಹೀರಾತನ್ನು ಅವನು ನಿಲ್ಲಿಸಬೇಕು. ಮೊದಲನೆಯದಕ್ಕೆ ತಕ್ಷಣ ಒಪ್ಪಿದ. ಎರಡನೆಯದನ್ನು ಯೋಚಿಸಿ ಹೇಳುತ್ತಾನಂತೆ.